ಅಜ್ಜನ ವಾಟ್ನಿ ಪತ್ರವೂ ಕೈರೋದ ಮೂರು ಸಹಿಗಳೂ

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಅಜ್ಜನ ಟ್ರಂಕಿನಲ್ಲಿ ಒಂದು ವಾಟ್ನಿ ಪತ್ರ ಸಿಕ್ಕಿತು. ಅಜ್ಜ, ಅವರ ಇಬ್ಬರು ತಮ್ಮಂದಿರು ಗಂಗಾವತಿ ಹತ್ತಿರದ ಹೊಲ ಹಂಚಿಕೊಂಡ ಕಾಗದ. ಯಾರಿಗೆ ಎಷ್ಟು ಎಕರೆ ಅನ್ನೋದು ನಮಗೆಲ್ಲ ಬಾಯಿಪಾಠ, ಹಾಗಾಗಿ ನಾನು ಕೂತು ನೋಡಿದ್ದು ಕೆಳಗಿನ ಸಹಿಗಳನ್ನು. ಐದು ಜನ ಪಂಚರು. ಮೂರು ಸಹಿ, ಎರಡು ಹೆಬ್ಬೆಟ್ಟು. ಒಂದು ಹೆಬ್ಬೆಟ್ಟಿನ ಪಕ್ಕದ ಹೆಸರು ಅಳಿಸಿಹೋಗಿದೆ, ಯಾರದ್ದು ಅಂತ ಅಪ್ಪನಿಗೂ ಗೊತ್ತಿಲ್ಲ.

ಆವತ್ತಿನಿಂದ ಹಳೇ ಕಾಗದಗಳ ಹುಚ್ಚು ಹಿಡಿದಿದೆ. ಓದುತ್ತಾ ಓದುತ್ತಾ ಹಳೇ ಕೈರೋದ ಫುಸ್ತಾತ್‌ಗೆ ಹೋಗಿಬಿಟ್ಟೆ. ಅಲ್ಲಿ ಬೆನ್ ಎಜ್ರಾ ಅನ್ನೋ ಯಹೂದಿ ಪ್ರಾರ್ಥನಾ ಮಂದಿರ. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದು ಅಂತ, ಹಳೆಯದಾದ ಬರಹಗಳನ್ನೆಲ್ಲ ಒಂದು ಕೋಣೆಗೆ ಹಾಕುತ್ತಾ ಬಂದರು. ಸಾಲದ ಚೀಟಿ, ಮದುವೆ ಕರಾರು, ಕೋರ್ಟಿನ ಕಾಗದ, ಎಲ್ಲಾ. 1897ರಲ್ಲಿ ಅದರ ದೊಡ್ಡ ಪಾಲು ಕೇಂಬ್ರಿಡ್ಜ್‌ಗೆ ಹೋಯಿತು.

ಯಹೂದಿಗಳ ನ್ಯಾಯಪೀಠಕ್ಕೆ ಬೇತ್ ದಿನ್ ಅಂತ ಹೆಸರು. ಕನಿಷ್ಠ ಮೂರು ಜನ ಕೂರಬೇಕು. ಫುಸ್ತಾತ್‌ನಲ್ಲಿ ಸೋಮವಾರ, ಗುರುವಾರ ಕೂರುತ್ತಿದ್ದರು. ಅಲ್ಲಿ ನನಗೆ ಭಾರಿ ಇಷ್ಟವಾಗಿದ್ದು ಒಂದು ಪದ್ಧತಿ. ಪತ್ರಕ್ಕೆ ಇಬ್ಬರು ಸಾಕ್ಷಿ ಸಹಿ ಹಾಕುತ್ತಾರಲ್ವಾ, ಆ ಸಹಿ ಅವರದ್ದೇ ಅಂತ ಗುರುತಿಸುವವರನ್ನು ಕರೆಸಿ ಕೇಳಿ, ಆಮೇಲೆ ಅದರ ಕೆಳಗೆ ಪೀಠದ ಮೂವರು 'ನಾವು ಮೂವರು ಒಟ್ಟಿಗೆ ಕೂತಿದ್ದಾಗ ಇದು ಸಾಬೀತಾಯಿತು' ಅಂತ ಬರೆದು ತಾವೂ ಸಹಿ ಮಾಡುತ್ತಿದ್ದರು. ಅಂದರೆ ಸಹಿಗೇ ಸಹಿ. ಇನ್ನು ಮುಂದೆ ಸಾಕ್ಷಿ ಸತ್ತರೂ, ಊರು ಬಿಟ್ಟರೂ ಪತ್ರ ನಿಲ್ಲುತ್ತದೆ.

ಇನ್ನೊಂದು ನಿಯಮ ಕೇಳಿ. ಬರಹಕ್ಕೂ ಸಾಕ್ಷಿಗಳ ಸಹಿಗೂ ನಡುವೆ ಎರಡು ಸಾಲಿನಷ್ಟು ಖಾಲಿ ಬಿಟ್ಟರೆ ಪತ್ರ ಬಿದ್ದುಹೋಗುತ್ತದೆ, ಯಾಕೆಂದರೆ ಆ ಜಾಗದಲ್ಲಿ ಯಾರು ಏನು ಬೇಕಾದರೂ ತುರುಕಬಹುದು. ಅಜ್ಜನ ಪತ್ರದಲ್ಲಿ ನಾಲ್ಕು ಬೆರಳು ಜಾಗ ಖಾಲಿ ಇದೆ! ಅಪ್ಪ ಅಳೆದು ನೋಡಿ ಸುಮ್ನೆ ಮಡಚಿಟ್ಟರು. ನಡುವೆ ಎಲ್ಲಾದರೂ ಗೀಚಿ ತಿದ್ದಿದ್ದರೆ ಅದನ್ನೂ ಕೊನೆಯಲ್ಲಿ ಬರೆದು, ಸರಿ ಇದೆ ಅಂತ ಒಪ್ಪಿಕೊಳ್ಳಬೇಕಿತ್ತು.

ನಮ್ಮ ಪತ್ರಗಳಲ್ಲಿ ಬಿಕ್ಕಲಂ ಅಂತ ಬರೆದವನ ಹೆಸರು ಇರುತ್ತದಲ್ಲ, ಅಂಥ ಒಬ್ಬ ಅಲ್ಲೂ ಇದ್ದ. ಹಾಲ್ಫೋನ್ ಬೆನ್ ಮೆನಶ್ಶೆ. 1100ರಿಂದ 1138ರವರೆಗಿನ ಅವನ ಬರಹ ಎಷ್ಟು ಸಿಕ್ಕಿದೆ ಅಂದರೆ, ಹೆಸರಿಲ್ಲದ ತುಂಡು ಕಾಗದವನ್ನೂ ವಿದ್ವಾಂಸರು ಅಕ್ಷರ ನೋಡಿಯೇ ಇದು ಅವನದ್ದು ಅಂತಾರೆ. ಹೀಬ್ರೂ ಭಾಷೆಯಲ್ಲಿ ಬೆನ್ ಅಂದರೆ ಮಗ. ಮೈಸೂರು ಕಡೆ ಕಾಗದಗಳ 'ಬಿನ್' ಅರಬ್ಬಿಯದ್ದು, ಎರಡೂ ಅಣ್ಣತಮ್ಮಂದಿರೇ. ನಮ್ಮ ಕಡೆ ನೇರವಾಗಿ 'ತಂದೆ' ಅಂತ ಬರೆಯುತ್ತೇವೆ. ಇವರ ಸಹಿಗಳಲ್ಲಿ ಅಪ್ಪನ ಹೆಸರಿನ ಮುಂದೆ ಒಂದು ಚಿಕ್ಕ ಗುರುತು ಇದ್ದರೆ ಅವರು ತೀರಿಹೋಗಿದ್ದಾರೆ ಅಂತ ಅರ್ಥ.

ದೊಡ್ಡ ಹೆಸರಿನ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಸಹಿ ಮಾತ್ರ ಚುಟುಕು. 1204ರಲ್ಲಿ ತೀರಿಕೊಂಡ ಮೈಮೊನಿಡೀಸ್ (ಅವನ ಹೆಸರು ಮೋಶೆ), ವೈದ್ಯ, ಅಂಥ ಪಂಡಿತ, ಧರ್ಮದ ಪ್ರಶ್ನೆಗೆ ಉತ್ತರ ಬರೆದು ಕೆಳಗೆ ಹಾಕುತ್ತಿದ್ದದ್ದು 'ಮೋಶೆ ಬರೆದ' ಅಂತ ಅಷ್ಟೇ.

ಈ ಯಹೂದಿ ಕಾಗದಗಳಲ್ಲಿ ನಮ್ಮ ರಾಜ್ಯದ್ದೂ ಒಂದಿದೆ. 1132ರಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ವ್ಯಾಪಾರಿ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ. ಅದರಲ್ಲಿ ಅವಳಿಗೆ ಬೆರಖಾ ಅಂತ ಹೊಸ ಹೆಸರು.

ನಮ್ಮ ಹೆಬ್ಬೆಟ್ಟಿಗೆ ವಾಪಸ್ ಬರುತ್ತೇನೆ. ಗುರುತಿಸುವವರು ಬೇಕಲ್ಲ, ದೊಡ್ಡಮ್ಮನ ಹತ್ತಿರ ತಗೊಂಡು ಹೋದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹೆಬ್ಬಟ್ಟು ಯಾರದೋ ಗೊತ್ತಿಲ್ಲಪ್ಪ" ಅಂದರು. ಆಮೇಲೆ ನಡುವಿನ ಕಂದು ಕಲೆಯ ಮೇಲೆ ಬೆರಳಿಟ್ಟು, "ಇದು ಮಾತ್ರ ನಂದು. ಚಾ ಕೊಡಾಕ ಹೋಗಿ ಚೆಲ್ಲಿದ್ದೆ, ನಿಮ್ಮಜ್ಜ ಎಷ್ಟು ಬೈದಿದ್ದ" ಅಂದರು.