ಮೀಟರ್ ಒಪ್ಪಿತು, ಹೆಬ್ಬೆರಳು ಒಪ್ಪಲಿಲ್ಲ

ಬಳ್ಳಾರಿಯಲ್ಲಿ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಮೊದಲು ಬರೀ ಮೊಬೈಲ್ ನೋಡುತ್ತಿದ್ದೆ. ಈಗ ಗೇಮ್ ಕಂಟ್ರೋಲರ್‌ಗಳೇ ಜಾಸ್ತಿ. ಹುಡುಗರು ಅದಕ್ಕೆ ರಿಮೋಟ್ ಅಂತಾರೆ. ಹೆಚ್ಚಾಗಿ ಬರುವ ದೂರು ಒಂದೇ: "ಅಣ್ಣ, ಕೈ ಬಿಟ್ರೂ ತಾನೇ ಎಡಕ್ಕೆ ಹೋಗ್ತೈತಿ."

ಇದು ಡ್ರಿಫ್ಟ್. ಪ್ರತಿ ಸ್ಟಿಕ್‌ನ, ಅಂದರೆ ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕೋಲಿನ, ಪಕ್ಕದಲ್ಲಿ ಎರಡು ಪುಟ್ಟ ಪಾಟ್ (ಪೊಟೆನ್ಷಿಯೋಮೀಟರ್) ಇರುತ್ತವೆ. ಒಂದು ಎಡ-ಬಲ ಅಳೆಯುತ್ತದೆ, ಇನ್ನೊಂದು ಮೇಲೆ-ಕೆಳಗೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ವಾ, ಅದೇ ಜಾತಿ. ಒಳಗೆ ಕಾರ್ಬನ್ ಪಟ್ಟಿ, ಅದರ ಮೇಲೆ ಓಡಾಡುವ ಲೋಹದ ನಾಲಿಗೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ. ನಮ್ಮೂರಿನ ಧೂಳು, ಬೇಸಿಗೆಯಲ್ಲಿ ಅಂಗೈಯ ಬೆವರು, ಇವೂ ಸೇರಿಕೊಳ್ಳುತ್ತವೆ. ಬಿಚ್ಚಿದರೆ ಸ್ಟಿಕ್ ಸುತ್ತ ಕೆಂಪು ಅಂಟು.

ಹೋದ ಬೇಸಿಗೆಯಲ್ಲಿ ಒಬ್ಬ ಕಾಲೇಜು ಹುಡುಗ ಇದೇ ದೂರು ತಂದ. ಬಲಗಡೆಯ ಸ್ಟಿಕ್, ಗುರಿ ಇಡುವುದು. ಸ್ಟಿಕ್, ಸ್ಪ್ರಿಂಗ್, ಪಾಟ್ ಎಲ್ಲ ಸೇರಿದ ಬಿಡಿಭಾಗಕ್ಕೆ ಮಾಡ್ಯೂಲ್ ಅಂತೀವಿ. 14 ಕಾಲಿನ ಬೆಸುಗೆ ಕರಗಿಸಿ ಹಳೆಯದನ್ನು ತೆಗೆದೆ, ಹೊಸದು ಕೂರಿಸಿದೆ. ಮೀಟರ್ ಹಿಡಿದೆ, ಸರಿ. ಕಂಪ್ಯೂಟರ್‌ಗೆ ಹಾಕಿ ನೋಡಿದೆ, ಚುಕ್ಕಿ ನಡುಮಧ್ಯೆ ನಿಂತಿತು. ದುಡ್ಡು ತೊಗೊಂಡು ಕಳಿಸಿದೆ.

ಮೂರನೇ ದಿನ ವಾಪಸ್ ಬಂದ. "ಡ್ರಿಫ್ಟ್ ಹೋಗೈತಿ ಅಣ್ಣ. ಆದ್ರ ಗುರಿ ಕೂಡ್ರವಲ್ದು." ಮತ್ತೆ ಕಂಪ್ಯೂಟರ್‌ನಲ್ಲಿ ತೋರಿಸಿದೆ. "ನೋಡಪ್ಪ, ಸರಿ ಇದೆ. ಬೇಕಾದ್ರೆ ಸೆಟ್ಟಿಂಗ್‌ನಲ್ಲಿ ಡೆಡ್ ಜೋನ್ ಜಾಸ್ತಿ ಮಾಡ್ಕೋ" ಅಂದೆ. ಡೆಡ್ ಜೋನ್ ಅಂದರೆ ನಡುವಿನ ಸಣ್ಣ ಜಾಗ. ಅಷ್ಟರೊಳಗೆ ಸ್ಟಿಕ್ ಅಲ್ಲಾಡಿದರೆ ಆಟ ಲೆಕ್ಕಕ್ಕೆ ತೊಗೊಳ್ಳುವುದಿಲ್ಲ. ಹುಡುಗ ಏನೂ ಹೇಳದೆ ಹೋದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಈ ಸಲ ಅವನ ಮುಖ ನೋಡಿ ನನಗೆ ಕೆಟ್ಟದೆನಿಸಿತು.

ಅಂಗಡಿಯ ಟಿವಿಗೆ ಹಾಕಿ ಆಡು ಅಂದೆ. ನಾನು ಪರದೆ ನೋಡಲಿಲ್ಲ, ಅವನ ಹೆಬ್ಬೆರಳು ನೋಡಿದೆ. ಉಗುರಿನ ಹತ್ತಿರದ ತುದಿಯಿಂದ ಸ್ಟಿಕ್ಕನ್ನು ಕೂದಲೆಳೆಯಷ್ಟು ತಳ್ಳಲು ನೋಡುತ್ತಿದ್ದ. ಮೊದಲು ಅದು ಕದಲಲಿಲ್ಲ. ಇನ್ನಷ್ಟು ಒತ್ತಿದ, ಬೆರಳ ತುದಿ ಬೆಳ್ಳಗಾಯಿತು. ಆಮೇಲೆ ಒಮ್ಮೆಲೇ ಜಿಗಿದು ಗುರಿ ದಾಟಿ ಹೋಯಿತು. ನಾನೂ ಕಣ್ಣು ಮುಚ್ಚಿ ಎರಡೂ ಸ್ಟಿಕ್ ಹಿಡಿದೆ. ಎಡಗಡೆಯದು ಬೆಣ್ಣೆ, ಬಲಗಡೆಯದು ಬಿಗಿ. ನಾನು ಹಾಕಿದ್ದು ಅಗ್ಗದ ಮಾಡ್ಯೂಲ್, ಅದರ ಸ್ಪ್ರಿಂಗ್ ಗಟ್ಟಿ. ಡೆಡ್ ಜೋನ್ ಹೆಚ್ಚಿಸಿದ್ದರಿಂದ ಮೊದಲ ಸಣ್ಣ ಚಲನೆಯೂ ನುಂಗಿಹೋಗಿತ್ತು. ಹುಡುಗನ ತಪ್ಪು ಏನೂ ಇರಲಿಲ್ಲ. ಎರಡು ಸಲ ಅವನ ಮಾತು ಕೇಳದೇ ಇದ್ದವನು ನಾನು.

ಪುಣ್ಯಕ್ಕೆ ಹಳೇ ಮಾಡ್ಯೂಲ್ ಡಬ್ಬಿಯಲ್ಲೇ ಇತ್ತು. ಅದರ ಸ್ಪ್ರಿಂಗ್, ಚೌಕಟ್ಟು ಎಲ್ಲ ಚೆನ್ನಾಗಿದ್ದವು. ಸವೆದಿದ್ದು ಪಾಟ್ ಮಾತ್ರ. ಹೊಸದರ ಪಾಟ್ ಬಿಚ್ಚಿ ಹಳೆಯದಕ್ಕೆ ಜೋಡಿಸಿ, ಮತ್ತೆ ಬೆಸುಗೆ ಹಾಕಿದೆ. ಡೆಡ್ ಜೋನ್ ಇಳಿಸಿದ. ಎರಡು ನಿಮಿಷ ಆಡಿ, "ಇದು ನನ್ ರಿಮೋಟ್ ಅಣ್ಣ" ಅಂದ.

ಆವತ್ತಿನಿಂದ ರಿಪೇರಿಗೆ ಮುಂಚೆ ಐದು ನಿಮಿಷ, ಆದ ಮೇಲೆ ಐದು ನಿಮಿಷ ಗಿರಾಕಿಯನ್ನೇ ಆಡಿಸುತ್ತೇನೆ. ಆಗ ಎಷ್ಟೋ ಕಾಣುತ್ತದೆ. ಚಿಕ್ಕವನಿದ್ದಾಗ ಕ್ಯಾಸೆಟ್ ಹಾಕುವ ವಿಡಿಯೋ ಗೇಮ್‌ನಲ್ಲಿ ಮಾರಿಯೋ ಆಡುತ್ತಿದ್ದೆವು. ಹೆಬ್ಬೆರಳ ತುದಿ ಬಿ ಬಟನ್ ಮೇಲೆ, ಓಡೋದಕ್ಕೆ. ಅದನ್ನು ಬಿಡದೆ ಅದೇ ಬೆರಳನ್ನು ಹೊರಳಿಸಿ ಎ ಒತ್ತಬೇಕು, ಜಿಗಿಯೋದಕ್ಕೆ. ಎರಡು ಬಟನ್ ಇನ್ನೊಂಚೂರು ದೂರ ಇದ್ದಿದ್ದರೆ ಆ ಓಟದ ಜಿಗಿತವೇ ಆಗುತ್ತಿರಲಿಲ್ಲ. ಎಡಗಡೆಯ ಪ್ಲಸ್ ಆಕಾರದ ಬಟನ್ ಕೂಡ ಹಾಗೇ. ನಿಂಟೆಂಡೋದ ಗುನ್‌ಪೇ ಯೊಕೊಯ್ ಅದನ್ನು 1982ರಲ್ಲಿ ಒಂದು ಮಡಚುವ ಪುಟ್ಟ ಆಟಕ್ಕೆ ತಂದರು. ಮಡಚಿದರೆ ಚಪ್ಪಟೆಯಾಗಬೇಕು, ಉದ್ದ ಕೋಲು ಆಗುವುದಿಲ್ಲ. ಆ ಪ್ಲಸ್‌ನಲ್ಲಿ ನಡು ಎಲ್ಲಿದೆ ಅಂತ ನೋಡದೆಯೇ ಬೆರಳಿಗೆ ಗೊತ್ತಾಗುತ್ತದೆ. ನನ್ನ ಪ್ರಕಾರ ಈ ಕಸುಬಿನಲ್ಲಿ ಅದಕ್ಕಿಂತ ಚೆಂದದ ಕೆಲಸ ಇನ್ನೊಂದಿಲ್ಲ.

ಜೀನ್ಸ್ ಹೊಲಿಯುವ ಒಬ್ಬರು ರಾತ್ರಿ ಕೆಲಸ ಮುಗಿಸಿ ಬರುತ್ತಾರೆ. ಬಲಗೈ ತೋರುಬೆರಳು ಪೂರ್ತಿ ಮಡಚುವುದಿಲ್ಲ. ಗುಂಡು ಹಾರಿಸೋ ಟ್ರಿಗರ್ ಎಳೆಯೋದು ಅದೇ ಬೆರಳಿನಿಂದ. ಮೊದಲಾಗಿದ್ದರೆ "ಟ್ರಿಗರ್ ಚೆನ್ನಾಗೇ ಇದೆ ರೀ" ಅಂತ ಕಳಿಸಿಬಿಡುತ್ತಿದ್ದೆ. ಅವರನ್ನು ಆಡಿಸಿ ನೋಡಿದೆ. ಪ್ರತಿ ಸಲ ಗುಂಡು ಹಾರಿಸುವಾಗಲೂ ಇಡೀ ಕೈ ಮೇಲೆತ್ತುತ್ತಿದ್ದರು. ಟ್ರಿಗರ್‌ಗೆ ಮೆತ್ತನೆ ಸ್ಪ್ರಿಂಗ್ ಹಾಕಿದೆ. ಅವರು ಆಡುವ ಯಂತ್ರ ಪಿಎಸ್4ರ ಸೆಟ್ಟಿಂಗ್‌ನಲ್ಲೇ ಬಟನ್ ಅದಲುಬದಲು ಮಾಡಬಹುದು, ಗುಂಡು ಹಾರಿಸುವುದನ್ನು ಎಡಗೈಗೆ ಕೊಟ್ಟೆ. ಇಂಥವರಿಗೆಂದೇ 2018ರಲ್ಲಿ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಲ್ಲಿ ಎರಡು ದೊಡ್ಡ ಬಟನ್, ಹಿಂದೆ ಬೇರೆ ಬೇರೆ ಸ್ವಿಚ್ ಜೋಡಿಸಲು 19 ತೂತು ಇವೆ. ಕಾಲಿನಿಂದಲೂ ಆಡಬಹುದು. ಅವರಿಗೆ ಅಷ್ಟು ಬೇಕಾಗಲಿಲ್ಲ.

ಈಗ ಆಯಸ್ಕಾಂತದ ಹಾಲ್ ಸೆನ್ಸರ್ ಸ್ಟಿಕ್ ತರಿಸಿದ್ದೇನೆ. ಅಳೆಯುವ ಜಾಗದಲ್ಲಿ ಉಜ್ಜಾಟವೇ ಇಲ್ಲ, ಸವೆಯಲು ಕಾರ್ಬನ್ ಪಟ್ಟಿ ಇಲ್ಲ. ಎರಡು ಥರದ ಸ್ಪ್ರಿಂಗ್‌ನವು ಮೇಜಿನ ಮೇಲಿವೆ. ಆ ಕಾಲೇಜು ಹುಡುಗನಿಗೆ ಭಾನುವಾರ ಬಾ ಅಂದಿದ್ದೇನೆ. ಯಾವುದು ಅಂತ ಅವನೇ ಹೇಳಲಿ.