ಕಾಕಾ ಜೊತೆ ಲಂಡನ್‌ನಿಂದ ಪ್ಯಾರಿಸ್‌ಗೆ

ಲಂಡನ್‌ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಸುಮಾರು 490 ಕಿಲೋಮೀಟರ್. ಬೆಂಗಳೂರಿನಿಂದ ಧಾರವಾಡಕ್ಕೂ ಹತ್ತಿರ ಹತ್ತಿರ ಅಷ್ಟೇ ದೂರ. ಅಷ್ಟು ದೂರಕ್ಕೆ ನಮ್ಮ ವಂದೇ ಭಾರತ್ ಆರು ಗಂಟೆಗೂ ಜಾಸ್ತಿ ತಗೊಳ್ಳುತ್ತದೆ. ಯೂರೋಸ್ಟಾರ್ ಎಂಬ ರೈಲು ಎರಡೂಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ನಡುವೆ ಒಂದು ಸಮುದ್ರ ಬೇರೆ ಇದೆ, ಅದನ್ನು ಸುರಂಗದಲ್ಲಿ ದಾಟುತ್ತದೆ.

ಈ ಲೆಕ್ಕ ಕೇಳಿದಾಗಿನಿಂದ ಕಾಕಾಗೆ ಒಂದೇ ಹಂಬಲ. ಲಂಡನ್‌ನಲ್ಲಿರುವ ತಮ್ಮನ ಮನೆಗೆ ಹೋದರೆ ಆ ರೈಲು ಹತ್ತಲೇಬೇಕು. ಕಾಕಾ ಹುಬ್ಬಳ್ಳಿಯವರು. ನೌಕರಿಯೆಲ್ಲ ರೈಲ್ವೆಯಲ್ಲೇ ಕಳೆಯಿತು, ಅದರಲ್ಲೂ ಹಳಿ ನೋಡಿಕೊಳ್ಳುವ ವಿಭಾಗದಲ್ಲಿ. ಐಫೆಲ್ ಗೋಪುರ, ಮ್ಯೂಸಿಯಂ ಎಲ್ಲ ಆಮೇಲೆ ಅಂದರು. ನನಗೂ ರೈಲು ಅಂದ್ರೆ ಜೀವ. ಹಳಿ ಬಲ್ಲವರ ಪಕ್ಕ ಕೂತು ಹೋಗುವ ಅವಕಾಶ ಯಾರು ಬಿಡ್ತಾರೆ?

ರೈಲು ಹೊರಡುವುದು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ. 1868ರಲ್ಲಿ ಶುರುವಾದ ನಿಲ್ದಾಣ ಇದು. ವಿಲಿಯಂ ಬಾರ್ಲೋ ಎಂಬ ಎಂಜಿನಿಯರ್ ಕಟ್ಟಿದ ಕಬ್ಬಿಣದ ಚಾವಣಿ ಒಂದೇ ಕಮಾನಿನಲ್ಲಿ 73 ಮೀಟರ್ ಅಗಲ ದಾಟುತ್ತದೆ. ನಡುವೆ ಒಂದೂ ಕಂಬ ಇಲ್ಲ. ಆ ಕಾಲಕ್ಕೆ ಜಗತ್ತಿನಲ್ಲಿ ಇಷ್ಟು ಅಗಲದ ಇನ್ನೊಂದು ಚಾವಣಿ ಇರಲಿಲ್ಲ. 1960ರ ದಶಕದಲ್ಲಿ ಇದನ್ನು ಕೆಡವುವ ಮಾತು ನಡೆದಿತ್ತು. ಕವಿ ಜಾನ್ ಬೆಟ್ಜಮನ್ ಮತ್ತು ಅವರ ಜೊತೆಯವರು ಹೋರಾಡಿ ಉಳಿಸಿಕೊಂಡರು. ಚಾವಣಿಯನ್ನು ಕತ್ತೆತ್ತಿ ನೋಡುತ್ತಿರುವ ಬೆಟ್ಜಮನ್ ಪ್ರತಿಮೆ ಮೇಲಿನ ಅಂತಸ್ತಿನಲ್ಲಿದೆ. ತಿಳಿನೀಲಿ ಬಣ್ಣದ ಆ ಕಮಾನುಗಳ ಕೆಳಗೆ ನಿಂತಾಗ, ಕೆಡವಿದ್ದರೆ ಎಂಥ ಅನ್ಯಾಯವಾಗುತ್ತಿತ್ತು ಅನ್ನಿಸಿತು.

ಪ್ರಯಾಣಿಕರು ಕಾಯುವ ಜಾಗ ಪ್ಲಾಟ್‌ಫಾರ್ಮಿನ ಕೆಳಗಿದೆ. ಅದು ಹಿಂದೆ ಬಿಯರ್ ಗೋದಾಮು. ಬರ್ಟನ್ ಎಂಬ ಊರಿನಿಂದ ರೈಲಿನಲ್ಲಿ ಬಂದ ಪೀಪಾಯಿಗಳನ್ನು ಇಲ್ಲಿ ಇಳಿಸಿ ಇಡುತ್ತಿದ್ದರು. ಕಂಬದಿಂದ ಕಂಬಕ್ಕೆ ಎಷ್ಟು ಜಾಗ ಬಿಡಬೇಕು ಅಂತ ಲೆಕ್ಕ ಹಾಕಿದ್ದೇ ಆ ಪೀಪಾಯಿಗಳ ಅಳತೆ ಹಿಡಿದು. ಕಾಕಾ ಒಂದು ಕಬ್ಬಿಣದ ಕಂಬದ ಮೇಲೆ ಅಂಗೈ ಇಟ್ಟು ನಿಂತುಬಿಟ್ಟರು. ತಲೆಯ ಮೇಲೆ ರೈಲು ಬಂದು ನಿಂತಾಗ ಏನಾದರೂ ನಡುಗುತ್ತದಾ ಅಂತ ನೋಡ್ತಿದ್ದೆ ಅಂದರು. ನಡುಗಲಿಲ್ಲವಂತೆ.

ವೀಸಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ ವೀಸಾ ಒಂದು, ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಇನ್ನೊಂದು. ಎರಡೂ ಬೇಕು. ಊರಿನಲ್ಲಿದ್ದಾಗಲೇ ಎರಡನ್ನೂ ಮಾಡಿಸಿಕೊಂಡರೆ ನಿರಾಳ. ಟಿಕೆಟನ್ನೂ ಆದಷ್ಟು ಮೊದಲೇ ತಗೊಳ್ಳಿ. ದಿನ ಹತ್ತಿರ ಬಂದಂತೆ ದರ ಏರುತ್ತಾ ಹೋಗುತ್ತದೆ. ಚಪಾತಿ, ಪಲ್ಯ, ನೀರಿನ ಬಾಟಲಿ ಎಲ್ಲ ಒಯ್ಯಬಹುದು, ವಿಮಾನದ ಹಾಗೆ ನೀರು ಚೆಲ್ಲಿಸುವುದಿಲ್ಲ.

ಆದರೆ ಗಡಿ ದಾಟುವ ರೀತಿಯ ಬಗ್ಗೆ ಹೇಳಲೇಬೇಕು. ಫ್ರಾನ್ಸಿನ ಗಡಿ ಪೊಲೀಸರು ಲಂಡನ್ ನಿಲ್ದಾಣದ ಒಳಗೇ ಕೂತಿರುತ್ತಾರೆ. ರೈಲು ಹತ್ತುವ ಮುಂಚೆಯೇ ನೀವು ಫ್ರಾನ್ಸಿಗೆ ಕಾಲಿಟ್ಟ ಲೆಕ್ಕ. ಅದೇ ರೀತಿ ಬ್ರಿಟನ್ನಿನ ಅಧಿಕಾರಿಗಳು ಪ್ಯಾರಿಸ್ ನಿಲ್ದಾಣದಲ್ಲಿ ಇರುತ್ತಾರೆ. ಒಂದು ದೇಶದ ಪೊಲೀಸರನ್ನು ಇನ್ನೊಂದು ದೇಶ ತನ್ನ ರಾಜಧಾನಿಯ ನಡುವೆ ಕೂರಿಸಿಕೊಳ್ಳುವುದು ಅಂದ್ರೆ ಸಣ್ಣ ಮಾತಲ್ಲ. ಹೀಗೆ ಮಾಡಿದ್ದರಿಂದಲೇ ರೈಲು ಗಡಿಯಲ್ಲಿ ನಿಲ್ಲಬೇಕಾಗಿಲ್ಲ. ಎರಡೂಕಾಲು ಗಂಟೆ ಎಂಬ ಆ ಲೆಕ್ಕದಲ್ಲಿ ಎಂಜಿನ್ನಿನ ಪಾಲು ಎಷ್ಟಿದೆಯೋ ಈ ಒಪ್ಪಂದದ ಪಾಲೂ ಅಷ್ಟಿದೆ ಅಂತ ನನ್ನ ನಂಬಿಕೆ.

ನಾವು ಹೋದಾಗ ಇನ್ನೂ ಠಸ್ಸೆ ಒತ್ತುತ್ತಿದ್ದರು. 2025ರ ಅಕ್ಟೋಬರ್‌ನಿಂದ ಅದರ ಬದಲು ಕಂಪ್ಯೂಟರ್ ದಾಖಲೆ ಹಂತ ಹಂತವಾಗಿ ಬಂದಿದೆ. ಠಸ್ಸೆಯ ಒಂದು ಮೂಲೆಯಲ್ಲಿ ನಕ್ಷತ್ರಗಳ ನಡುವೆ ಫ್ರಾನ್ಸಿನ ಅಕ್ಷರ, ಇನ್ನೊಂದು ಮೂಲೆಯಲ್ಲಿ ಪುಟ್ಟ ರೈಲಿನ ಚಿತ್ರ. ವಿಮಾನದಲ್ಲಿ ಬಂದವರಿಗೆ ಅದೇ ಜಾಗದಲ್ಲಿ ವಿಮಾನದ ಚಿತ್ರ ಇರುತ್ತಿತ್ತು. ಕಾಕಾ ಕನ್ನಡಕ ಹಾಕಿಕೊಂಡು ಆ ರೈಲನ್ನು ನೋಡಿದರು. ಆಮೇಲೆ ಪಾಸ್‌ಪೋರ್ಟ್ ಮುಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು, ಚೀಲಕ್ಕೆ ಹಾಕಲಿಲ್ಲ.

ರೈಲಿಗೆ 16 ಬೋಗಿ, ಉದ್ದ ಸುಮಾರು 400 ಮೀಟರ್. "ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮಿನ್ಯಾಗ ಇಂಥಾವು ಮೂರು ನಿಂದರ್ತಾವ" ಅಂದರು ಕಾಕಾ. ಅದು ನಿಜ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ.

ಹೊರಟ ಸ್ವಲ್ಪ ಹೊತ್ತಿಗೇ ಕತ್ತಲೆ. ಸಮುದ್ರ ಬಂತು ಅಂದುಕೊಳ್ಳಬೇಡಿ, ಇದು ಲಂಡನ್ ಊರಿನ ಕೆಳಗಿನ ಸುರಂಗ. ಪೂರ್ವ ಲಂಡನ್ ದಾಟುವವರೆಗೂ ಹೆಚ್ಚಿನ ದಾರಿ ನೆಲದಡಿಯಲ್ಲೇ. ಆಮೇಲೆ ಥೇಮ್ಸ್ ನದಿಯ ಕೆಳಗೆ ಇನ್ನೊಂದು ಸುರಂಗ. ಅದು ದಾಟಿದ ಮೇಲೆ ಕೆಂಟ್ ಪ್ರಾಂತ್ಯದ ಹಸಿರು ಬರುತ್ತದೆ, ಮೆಡ್ವೇ ನದಿಯ ಮೇಲೆ ಉದ್ದನೆಯ ಸೇತುವೆ ಬರುತ್ತದೆ. 2003ರವರೆಗೂ ಯೂರೋಸ್ಟಾರ್ ಈ ಭಾಗದಲ್ಲಿ ಲೋಕಲ್ ರೈಲುಗಳ ಹಳೇ ಹಳಿಯ ಮೇಲೇ ನಿಧಾನವಾಗಿ ಹೋಗಬೇಕಿತ್ತು. ಹೊಸ ಹಳಿಯ ಮೊದಲ ಭಾಗ ಆ ವರ್ಷ ಮುಗಿಯಿತು, ಉಳಿದದ್ದು 2007ರಲ್ಲಿ. 2003ಕ್ಕೂ ಮೊದಲು ಈ ದಾರಿಯಲ್ಲಿ ವೇಗ ಇದ್ದದ್ದು ಫ್ರಾನ್ಸಿನ ಕಡೆ ಮಾತ್ರ.

ಕಾಕಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಒಂದರ ಗೇಟ್ ಬಂತೇನವಾ?" ಅಂತ ಕೇಳಿದರು. ರಸ್ತೆ ಹಳಿಯನ್ನು ದಾಟುವ ಗೇಟ್ ಒಂದೂ ಇರಲಿಲ್ಲ. ಈ ಹೊಸ ಮಾರ್ಗದಲ್ಲಿ, ಸಮುದ್ರದಡಿಯ ಸುರಂಗದ ಆಚೆಗೂ ಅಷ್ಟೇ, ಪ್ರತಿ ರಸ್ತೆಯನ್ನೂ ಮೇಲಿಂದಲೋ ಕೆಳಗಿಂದಲೋ ದಾಟಿಸಿದ್ದಾರೆ. ಪ್ರತಿ ಗೇಟಿಗೂ ಒಬ್ಬ ಮನುಷ್ಯ, ಒಂದು ಫೋನು, ಒಂದು ಆತಂಕ ಅಂತ ಎಣಿಸಿದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು.

ಅರ್ಧ ಗಂಟೆ ದಾಟಿದ ಮೇಲೆ ರೈಲು ನಿಧಾನವಾಯಿತು. ಗಂಟೆಗೆ 300 ಕಿಲೋಮೀಟರ್‌ನಿಂದ 160ಕ್ಕೆ ಇಳಿದು ಸಮುದ್ರದಡಿಯ ಸುರಂಗ ಹೊಕ್ಕಿತು. ಡೋವರ್‌ನ ಬಿಳಿ ಬಂಡೆಗಳು ಕಾಣುತ್ತವೆ ಅಂತ ಕೆಲವರು ಕಾಯುತ್ತಾರೆ, ಪಾಪ. ರೈಲಿನಿಂದ ಅವು ಕಾಣುವುದಿಲ್ಲ. ಸಮುದ್ರವೂ ಕಾಣುವುದಿಲ್ಲ. ಕಿಟಕಿಯಲ್ಲಿ ಕತ್ತಲೆ, ಕಿವಿಯಲ್ಲಿ ಸ್ವಲ್ಪ ಒತ್ತಡ, ಅಷ್ಟೇ. ಸುತ್ತಲಿನವರು ಲ್ಯಾಪ್‌ಟಾಪ್ ನೋಡುತ್ತಿದ್ದರು, ನಿದ್ದೆ ಮಾಡುತ್ತಿದ್ದರು. ನಮಗಿಬ್ಬರಿಗೆ ಮಾತ್ರ ಮೈಯೆಲ್ಲ ಕಿವಿ.

"ಸಮುದ್ರದ ಬುಡಕ್ಕ ಬಂದ್ವೇನು?"

"ಬಂದ್ವಿ ಕಾಕಾ."

ಸುರಂಗ 50 ಕಿಲೋಮೀಟರ್ ಉದ್ದ. ಅದರಲ್ಲಿ ಸುಮಾರು 38 ಕಿಲೋಮೀಟರ್ ಸಮುದ್ರದ ತಳದ ಕೆಳಗೆ. ಸಮುದ್ರದಡಿಯಲ್ಲಿ ಇಷ್ಟು ಉದ್ದ ಹೋಗುವ ಸುರಂಗ ಜಗತ್ತಿನಲ್ಲಿ ಇನ್ನೊಂದಿಲ್ಲ. ಇದರ ಕನಸು ಕಂಡದ್ದು 1802ರಲ್ಲಿ, ಆಲ್ಬರ್ಟ್ ಮಾಥ್ಯೂ ಎಂಬ ಫ್ರೆಂಚ್ ಎಂಜಿನಿಯರ್. ಎಣ್ಣೆ ದೀಪದ ಬೆಳಕಿನಲ್ಲಿ ಕುದುರೆ ಗಾಡಿ ಓಡಬೇಕು, ಕುದುರೆ ಬದಲಿಸಲು ನಡುವೆ ಒಂದು ಕೃತಕ ದ್ವೀಪ ಇರಬೇಕು ಅಂತ ಯೋಜನೆ. 1880ರ ಸುಮಾರಿಗೆ ಎರಡೂ ಕಡೆಯಿಂದ ಅಗೆಯಲು ಶುರು ಮಾಡಿದರು. ಶತ್ರು ಸೈನ್ಯ ಇದರೊಳಗಿಂದ ನುಗ್ಗಿ ಬಂದರೆ ಏನು ಗತಿ ಅಂತ ಬ್ರಿಟನ್ ಹೆದರಿತು, ಕೆಲಸ ನಿಂತಿತು. 1970ರ ದಶಕದಲ್ಲಿ ಮತ್ತೆ ಶುರುವಾಗಿ 1975ರಲ್ಲಿ ದುಡ್ಡಿನ ಕಾರಣಕ್ಕೆ ಮತ್ತೆ ನಿಂತಿತು. ಕೊನೆಗೆ 1986ರಲ್ಲಿ ಒಪ್ಪಂದ, 1988ರಲ್ಲಿ ಅಗೆತ, 1990ರ ಡಿಸೆಂಬರ್ 1ರಂದು ಎರಡೂ ಕಡೆಯ ಕೆಲಸಗಾರರು ಸಮುದ್ರದಡಿಯಲ್ಲಿ ಕೈ ಕುಲುಕಿದರು. ಎರಡು ದಿಕ್ಕಿನಿಂದ ಬಂದ ಸುರಂಗಗಳ ನಡುವಿನ ವ್ಯತ್ಯಾಸ ಅರ್ಧ ಮೀಟರ್‌ಗಿಂತ ಕಡಿಮೆ ಇತ್ತು. 1994ರ ಮೇ 6ರಂದು ರಾಣಿ ಎಲಿಜಬೆತ್ ಮತ್ತು ಅಧ್ಯಕ್ಷ ಮಿತೆರಾಂ ಉದ್ಘಾಟಿಸಿದರು. ಈ ಕೆಲಸದಲ್ಲಿ ಹತ್ತು ಮಂದಿ ಕಾರ್ಮಿಕರು ಜೀವ ಕಳೆದುಕೊಂಡರು. ಸುರಂಗದಲ್ಲಿರುವಷ್ಟು ಹೊತ್ತು ಅವರನ್ನು ನೆನೆಯುವುದು ನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಸೀಮೆಸುಣ್ಣ ಮತ್ತು ಜೇಡಿಮಣ್ಣು ಬೆರೆತ ಒಂದು ಪದರ ಸಮುದ್ರದ ಕೆಳಗೆ ಹಬ್ಬಿದೆ. ಕೊರೆಯಲು ಮೆತ್ತಗೆ, ನೀರನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಸುರಂಗ ಆದಷ್ಟೂ ಆ ಪದರವನ್ನೇ ಹಿಡಿದು ಹೋಗುತ್ತದೆ. ಹೋಗಲು ಒಂದು, ಬರಲು ಒಂದು, ನಡುವೆ ಸಣ್ಣದೊಂದು ಸೇವಾ ಸುರಂಗ. ಪ್ರತಿ 375 ಮೀಟರಿಗೆ ಆ ಸಣ್ಣ ಸುರಂಗಕ್ಕೆ ದಾಟಿಕೊಳ್ಳಲು ಬಾಗಿಲು. ರೈಲು ಮುಂದೆ ತಳ್ಳುವ ಗಾಳಿ ಪಕ್ಕದ ಸುರಂಗಕ್ಕೆ ಹರಿದು ಹೋಗಲಿ ಅಂತ ಪ್ರತಿ 250 ಮೀಟರಿಗೆ ಒಂದು ಕೊಳವೆ. ರೈಲುಗಳ ಬಿಸಿ ಒಳಗೇ ಉಳಿಯಬಾರದು ಅಂತ ತಣ್ಣೀರಿನ ಪೈಪುಗಳೂ ಇವೆ.

ಇದೆಲ್ಲ ಕೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಹಳಿ ನೋಡಾವ್ರು ಯಾವಾಗ ಒಳಗ ಬರ್ತಾರ?"

ರಾತ್ರಿ ಬರುತ್ತಾರೆ. ಸಮುದ್ರದ ಕೆಳಗೆ ಎರಡು ಕಡೆ, ರೈಲು ಒಂದು ಸುರಂಗದಿಂದ ಇನ್ನೊಂದಕ್ಕೆ ದಾಟಿಕೊಳ್ಳುವ ಜಾಗ ಇದೆ. ಹಾಗಾಗಿ ಒಂದು ಭಾಗ ಮುಚ್ಚಿ ಕೆಲಸ ಮಾಡುವಾಗ ಅದರ ಪಕ್ಕದ ಸುರಂಗದಲ್ಲಿ ರೈಲು ಓಡಿಸಬಹುದು. ಕಾಕಾ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದ ಉತ್ತರ ಅದೇ.

ಸುಮಾರು ಇಪ್ಪತ್ತು ನಿಮಿಷಕ್ಕೆ ಬೆಳಕು ಬಂತು. ಫ್ರಾನ್ಸ್. ಗಡಿಯಾರ ಒಂದು ಗಂಟೆ ಮುಂದಕ್ಕೆ. ದೊಡ್ಡ ದೊಡ್ಡ ಬಯಲು, ಅಲ್ಲಲ್ಲಿ ಗಾಳಿಯಂತ್ರ. ಪಕ್ಕದ ರಸ್ತೆಯಲ್ಲಿ ಕಾರುಗಳು ಬಲಗಡೆ ಹೋಗುತ್ತಿದ್ದವು, ನಮ್ಮ ರೈಲು ಮಾತ್ರ ಎಡಗಡೆಯ ಹಳಿಯಲ್ಲೇ ಇತ್ತು. ಫ್ರಾನ್ಸಿನಲ್ಲಿ ಮೊದಮೊದಲು ರೈಲು ಮಾರ್ಗ ಹಾಕುವಾಗ ಬ್ರಿಟಿಷ್ ಎಂಜಿನಿಯರುಗಳ ಕೈ ಇತ್ತು, ಆ ರೂಢಿ ಹಾಗೇ ಉಳಿದಿದೆ. ನಮ್ಮಲ್ಲೂ ರೈಲು ಎಡಗಡೆಯೇ ಅಲ್ವಾ? ಆಮೇಲೆ ಕಾಕಾ ಕಣ್ಣಿಗೆ ಬಿದ್ದದ್ದು ಸಿಗ್ನಲ್ ಕಂಬಗಳೇ ಇಲ್ಲ ಅನ್ನುವುದು. 300 ಕಿಲೋಮೀಟರ್ ವೇಗದಲ್ಲಿ ಕಂಬದ ದೀಪ ನೋಡಿ ರೈಲು ಓಡಿಸಲು ಆಗುವುದಿಲ್ಲ. ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವ ಅಂಕಿ ಹಳಿಯ ಮೂಲಕವೇ ಚಾಲಕನ ಮುಂದಿನ ಪರದೆಗೆ ಬರುತ್ತದೆ. ಹೊರಗೆ ಇರುವುದು ನೀಲಿ ಫಲಕದ ಮೇಲೆ ಹಳದಿ ತ್ರಿಕೋನದ ಗುರುತು ಮಾತ್ರ.

ಲಿಲ್ ನಗರ ನಿಲ್ಲದೆ ದಾಟಿತು. ಅದರ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ನವ್ ಶಪೆಲ್ ಎಂಬ ಹಳ್ಳಿ ಇದೆ. 1915ರಲ್ಲಿ ಭಾರತೀಯ ಸೈನಿಕರು ಕಾದಾಡಿದ ಜಾಗ. ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಅಲ್ಲಿನ ಸ್ಮಾರಕದಲ್ಲಿ ಕೆತ್ತಿದೆ. ರೈಲಿನಿಂದ ಅದೂ ಕಾಣುವುದಿಲ್ಲ.

ಲಿಲ್ ದಾಟಿ ದಕ್ಷಿಣಕ್ಕೆ ಬಂದರೆ ಸೋಮ್ ಪ್ರಾಂತ್ಯ. ಬಯಲಿನ ನಡುವೆ ಓತ್ ಪಿಕಾರ್ಡಿ ಎಂಬ ಒಂಟಿ ನಿಲ್ದಾಣ. ಸುತ್ತ ಊರಿಲ್ಲ, ಹೊಲ ಮಾತ್ರ. ಅಲ್ಲಿಯ ಜನ ಅದನ್ನು ಬೀಟ್‌ರೂಟ್ ನಿಲ್ದಾಣ ಅಂತಲೇ ಕರೆಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಹೋಯಿತು. ಇಲ್ಲಿ ನಡೆದ ಘಟನೆಯನ್ನು ಕಾಕಾಗೆ ಹೇಳಬೇಕು ಅಂತಲೇ ಕಾದಿದ್ದೆ. 1993ರ ಡಿಸೆಂಬರ್ 21. ಮಾರ್ಗ ಶುರುವಾಗಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಪ್ಯಾರಿಸ್ ಕಡೆಗೆ ಹೊರಟಿದ್ದ ಟಿಜಿವಿ, ಅಂದರೆ ಫ್ರಾನ್ಸಿನ ಅತಿವೇಗದ ರೈಲು, 300ರ ಹತ್ತಿರದ ವೇಗದಲ್ಲಿ ಈ ನಿಲ್ದಾಣದ ಬಳಿ ಹಳಿ ತಪ್ಪಿತು. ಜೋರು ಮಳೆಗೆ ಹಳಿಯ ಕೆಳಗಿನ ಮಣ್ಣು ಕುಸಿದಿತ್ತು. ಕುಸಿದದ್ದು ಯಾಕೆ ಅಂದರೆ, ಕೆಳಗೆ ಮೊದಲ ಮಹಾಯುದ್ಧದ ಕಾಲದ ಪೊಳ್ಳು ಇತ್ತು. ಸೈನಿಕರು ಅಗೆದು ಬಿಟ್ಟುಹೋದದ್ದು. ಮಾರ್ಗ ಹಾಕುವಾಗ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಯುದ್ಧ ಮುಗಿದು ಎಪ್ಪತ್ತೈದು ವರ್ಷವಾಗಿತ್ತು. ಬೋಗಿಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದ್ದರಿಂದ ರೈಲು ಮಗುಚಲಿಲ್ಲ. ನೆಟ್ಟಗೇ ನಿಂತಿತು. ಯಾರೂ ಸಾಯಲಿಲ್ಲ.

ಕಾಕಾ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕ್ಯಾಸಲ್ ರಾಕ್ ಘಾಟಿನ ಕತೆ ತೆಗೆದರು. ಮಳೆಗಾಲದಲ್ಲಿ ಅಲ್ಲಿ ರಾತ್ರಿಯಿಡೀ ಹಳಿಯ ಮೇಲೆ ಗಸ್ತು ಇರುತ್ತದೆ. ಕೈಯಲ್ಲಿ ದೀಪ, ಬೆನ್ನಿಗೆ ಪಟಾಕಿಯಂಥ ಡಿಟೋನೇಟರ್ ಇರುವ ಚೀಲ. ಗುಡ್ಡ ಜಾರಿದ್ದು ಕಂಡರೆ ರೈಲು ಬರುವ ದಿಕ್ಕಿಗೆ ಓಡಿ, ಹಳಿಯ ಮೇಲೆ ಅದನ್ನು ಕಟ್ಟಬೇಕು. ಗಾಲಿ ಹತ್ತಿದ ಕೂಡಲೇ ಢಬ್ ಅಂತ ಸಿಡಿಯುತ್ತದೆ, ಡ್ರೈವರ್ ಬ್ರೇಕ್ ಹಾಕುತ್ತಾನೆ. "ನೀರು ಹೆಂಗ ಹರೀತೈತಿ ಅಂತ ಕೇಳಿದ್ರ ತಿಳೀತಿತ್ತವಾ. ಸಪ್ಪಳ ಬ್ಯಾರೆ ಬಂತಂದ್ರ ಅಲ್ಲೇ ನಿಂತು ನೋಡ್ತಿದ್ವಿ" ಅಂದರು. ಆ ಕಾಡಿನಲ್ಲಿ, ಆ ಮಳೆಯಲ್ಲಿ, ನೀರಿನ ಸದ್ದು ಕೇಳಿ ಮಣ್ಣಿನ ಸ್ಥಿತಿ ಹೇಳುತ್ತಿದ್ದ ಜನ ಇವರು. ಟಿಕೆಟಿನ ಮೇಲೆ ಅವರ ಹೆಸರು ಇರುವುದಿಲ್ಲ, ಉದ್ಘಾಟನೆಯ ಕಲ್ಲಿನ ಮೇಲೂ ಇರುವುದಿಲ್ಲ. ಇಲ್ಲಿ ಆ ಅಪಘಾತದ ಮೇಲೆ ಯುದ್ಧಭೂಮಿಯ ಉದ್ದಕ್ಕೂ ಹಳಿಯ ಕೆಳಗಿನ ನೆಲವನ್ನು ಮತ್ತೆ ಪರೀಕ್ಷೆ ಮಾಡಿದರು ಅಂದಾಗ, ಕಾಕಾ "ಅದ ಮಾಡಬೇಕು" ಅಂದು ಚಪಾತಿಯ ಡಬ್ಬಿ ತೆಗೆದರು.

ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಪ್ಯಾರಿಸ್‌ನ ಹೊರವಲಯ ಬಂತು. ಗಾರ್ ದು ನಾರ್ ನಿಲ್ದಾಣದಲ್ಲಿ ಇಳಿದವರನ್ನು ಯಾರೂ ತಡೆಯಲಿಲ್ಲ. ಪಾಸ್‌ಪೋರ್ಟಿನ ಕೆಲಸ ಲಂಡನ್‌ನಲ್ಲೇ ಮುಗಿದಿತ್ತಲ್ಲ, ಪ್ಲಾಟ್‌ಫಾರ್ಮಿನಿಂದ ನೇರ ಬೀದಿಗೆ ಬಂದೆವು. ಯೂರೋಪಿನಲ್ಲೇ ಅತಿ ಹೆಚ್ಚು ಜನ ಓಡಾಡುವ ನಿಲ್ದಾಣ ಇದು. ನೂಕುನುಗ್ಗಲು ವಿಪರೀತ, ಚೀಲದ ಮೇಲೆ ಕೈ ಇರಲಿ. ಆದರೂ ರಸ್ತೆ ದಾಟಿ ನಿಂತು ಒಮ್ಮೆ ಹಿಂತಿರುಗಿ ನೋಡಿ. 1860ರ ದಶಕದಲ್ಲಿ ಹಿಟ್ಟಾರ್ಫ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಆ ಮುಂಭಾಗದ ಮೇಲೆ 23 ಹೆಂಗಸರ ಕಲ್ಲಿನ ಪ್ರತಿಮೆಗಳಿವೆ. ಒಬ್ಬೊಬ್ಬರೂ ಒಂದೊಂದು ಊರು. ನಡುವೆ ಎತ್ತರದಲ್ಲಿ ಪ್ಯಾರಿಸ್, ಅಕ್ಕಪಕ್ಕ ಬರ್ಲಿನ್, ವಿಯೆನ್ನಾ, ಬ್ರಸೆಲ್ಸ್ ಎಲ್ಲ. ಅವರಲ್ಲಿ ಲಂಡನ್ ಕೂಡ ಒಬ್ಬಳು. ಸುರಂಗಕ್ಕೆ ಇನ್ನೂ ನೂರಮೂವತ್ತು ವರ್ಷ ಇರುವಾಗಲೇ ಅವಳನ್ನು ಅಲ್ಲಿ ನಿಲ್ಲಿಸಿದ್ದರು.

ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಲಾ ಶಪೆಲ್. ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಮಿಳರು ಕಟ್ಟಿಕೊಂಡ ಬೀದಿಗಳು. ಕರಿಬೇವು, ನುಗ್ಗೆಕಾಯಿ, ಮಲ್ಲಿಗೆ, ಸೀರೆ ಅಂಗಡಿ ಎಲ್ಲ ಇವೆ. ಹತ್ತಿರದಲ್ಲೇ ಒಂದು ವಿನಾಯಕನ ಗುಡಿ ಇದೆ. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ತೇರು ಎಳೆದು, ಪ್ಯಾರಿಸ್ ಬೀದಿಯಲ್ಲಿ ರಾಶಿ ರಾಶಿ ತೆಂಗಿನಕಾಯಿ ಒಡೆಯುತ್ತಾರೆ. ಅಲ್ಲೊಂದು ಸಣ್ಣ ಹೋಟೆಲಿಗೆ ಹೋಗಿ ದೋಸೆ ಹೇಳಿದೆವು. ಬಡಿಸಲು ಬಂದ ಹುಡುಗ, ಎಲ್ಲಿಂದ ಬಂದಿರಿ ಅಂತ ತಮಿಳಿನಲ್ಲಿ ಕೇಳಿದ. ಕಾಕಾ ತಮಗೆ ಗೊತ್ತಿದ್ದ ರೈಲ್ವೆ ತಮಿಳಿನಲ್ಲಿ ಹುಬ್ಬಳ್ಳಿ ಅಂದರು, ಆಮೇಲೆ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಸಮುದ್ರದ ಕೆಳಗೆ ಬಂದ ಕತೆ ಶುರು ಮಾಡಿದರು. ದೋಸೆ ಆರಿ ಹೋಗುತ್ತದೆ ಅಂತ ನಾನು ಎರಡು ಸಲ ಹೇಳಬೇಕಾಯಿತು.