ಊರಿಗೆಲ್ಲ ಅಫಿಡವಿಟ್ ಟೈಪ್ ಮಾಡೋನು ತನ್ನದೇ ಮರೆತ

ಕೋರ್ಟಿನ ಕಾಗದ ತಲುಪಿಸೋ ಅಮೀನ್ರು ನನ್ನ ಜೆರಾಕ್ಸ್-ಟೈಪಿಂಗ್ ಅಂಗಡಿಗೆ ಬಂದಾಗ ಜೆರಾಕ್ಸಿಗೇ ಬಂದಿದಾರೆ ಅನ್ಕೊಂಡೆ, ವಾರಕ್ಕೆರಡು ಸಲ ಬರ್ತಾ ಇರ್ತಾರೆ. "ಇವತ್ತು ನಿಮಗೇ ಕಣ್ರೀ" ಅಂತ ಸಮನ್ಸ್ ತೆಗೆದು ಟೇಬಲ್ ಮೇಲಿಟ್ರು. 2024ರ ಫೆಬ್ರವರಿ. ಕ್ರೆಡಿಟ್ ಕಾರ್ಡ್ ಬಾಕಿಗೆ ಬ್ಯಾಂಕಿನವರು ದಾವೆ ಹಾಕಿದ್ರು. ಪಕ್ಕದ ಟೀ ಅಂಗಡಿಯವನು ತಗೋಬೇಡ ಅಂತ ಕಣ್ಸನ್ನೆ ಮಾಡ್ತಾನೇ ಇದ್ದ. ಅಮೀನ್ರು ಅದನ್ನ ನೋಡಿ, ತಗೊಳ್ದಿದ್ರೆ ಬಾಗಿಲಿಗೆ ಅಂಟಿಸಿ ಹೋಗ್ತೀನಿ, ಆಮೇಲೆ ನೀವಿಲ್ದೇನೇ ಡಿಕ್ರಿ, ಅಂದ್ರೆ ತೀರ್ಪು, ಆಗುತ್ತೆ ಅಷ್ಟೇ ಅಂದ್ರು. ಸೈನ್ ಹಾಕ್ದೆ.

ಸಾಲ ಸುಳ್ಳಲ್ಲ. 2019ರಲ್ಲಿ ಕಾರ್ಡ್ ಉಜ್ಜಿ ಹೊಸ ಜೆರಾಕ್ಸ್ ಮಷಿನ್ ತಗೊಂಡಿದ್ದೆ, ಮುಂದಿನ ವರ್ಷ ಲಾಕ್‌ಡೌನ್ ಆಗಿ ಸ್ಕೂಲು ಆಫೀಸು ಎಲ್ಲ ಮುಚ್ಚಿ ಮಷಿನ್ ಮೇಲೆ ಧೂಳು ಕೂತ್ಕೊಳ್ತು, 2020ರ ಜೂನ್ ಆದ್ಮೇಲೆ ಒಂದ್ರೂಪಾಯಿನೂ ಕಟ್ಲಿಲ್ಲ. ಆಗ ಬಾಕಿ ಇದ್ದಿದ್ದು 92 ಸಾವಿರ. ದಾವೇಲಿ ಕೇಳಿದ್ದು 2,37,000. ಒಬ್ಬ ಲಾಯರ್ ಹತ್ರ ಫೀಸ್ ಕೇಳ್ದೆ, ಅಷ್ಟು ದುಡ್ಡಿದ್ದಿದ್ರೆ ಬ್ಯಾಂಕಿಗೇ ಕಟ್ತಿದ್ದೆ. ನಮ್ಮ ಕೇಸನ್ನ ನಾವೇ ನಡೆಸ್ಕೋಬಹುದು ಅಂತ ಗೊತ್ತಿತ್ತು, ಹತ್ತು ವರ್ಷದಿಂದ ಬೇರೆಯವರ ಲಿಖಿತ ಹೇಳಿಕೆ, ಅಂದ್ರೆ ದಾವೆಗೆ ಕೊಡೋ ಉತ್ತರ, ಟೈಪ್ ಮಾಡಿರೋನು ನಾನು, ನಂದೊಂದು ಮಾಡ್ಕೊಳೋಕಾಗಲ್ವಾ ಅಂತ ಧಿಮಾಕು ಬೇರೆ.

ಸಮನ್ಸ್ ಕೈಗೆ ಬಂದ 30 ದಿನದೊಳಗೆ ಉತ್ತರ ಹಾಕ್ಬೇಕು, ತಡ ಆದ್ರೆ ಕಾರಣ ಕೊಟ್ಟು ಕೋರ್ಟಿನ ಅನುಮತಿ ಕೇಳ್ಬೇಕು. ಮೊದಲನೇ ರಾತ್ರಿನೇ ಒಂದು ಪಾಯಿಂಟ್ ಹೊಳೀತು ನೋಡಿ, ಇಂಥ ಸಾಲಕ್ಕೆ ಕೇಸ್ ಹಾಕೋ ಕಾಲಮಿತಿ ಮೂರು ವರ್ಷ, 2020 ಜೂನಿಂದ ಎಣಿಸಿದ್ರೆ 2023ಕ್ಕೇ ಮುಗೀತು, ಕೇಸ್ ಹಾಕಿದ್ದು 2024 ಜನವರಿ! ಹೆಂಡ್ತಿನ ಎಬ್ಬಿಸಿ ಹೇಳ್ದೆ. ಬೆಳಿಗ್ಗೆ ಅಂಗಡಿಗೆ ಬಂದ ಒಬ್ಬ ರಿಟೈರ್ಡ್ ಶಿರಸ್ತೇದಾರ್ ಸಾಹೇಬ್ರಿಗೂ ಹೇಳ್ದೆ. ಅವರು ನಿಧಾನಕ್ಕೆ ಕನ್ನಡಕ ತೆಗೆದು, ಕೋವಿಡ್ ಲೆಕ್ಕ ಮರೆತ್ಯಲ್ಲಪ್ಪ, 15.3.2020ರಿಂದ 28.2.2022ರವರೆಗಿನ ದಿನಗಳನ್ನ ಸುಪ್ರೀಂ ಕೋರ್ಟೇ ಕಾಲಮಿತಿಯಿಂದ ಕಳೆದಿದೆ ಅಂದ್ರು. ಅಲ್ಲಿಗೆ ನನ್ನ ಬ್ರಹ್ಮಾಸ್ತ್ರ ಠುಸ್.

ಮತ್ತೆ ಅವರೇ ದಾರಿ ಹೇಳಿದ್ದು. ಎಲ್ಲರೂ ಬರೆಸ್ತಾರಲ್ಲ, ಸದರಿ ದಾವೆಯು ಸಂಪೂರ್ಣ ಸತ್ಯಕ್ಕೆ ದೂರವಾದದ್ದು ಅಂತ, ಅದು ಬೇಡ. ಪ್ಯಾರಾ ಪ್ಯಾರಾಕ್ಕೂ ಉತ್ತರ ಕೊಡು, ಯಾವುದಕ್ಕೆ ಸ್ಪಷ್ಟವಾಗಿ ಇಲ್ಲ ಅನ್ನಲ್ವೋ ಅದನ್ನ ಒಪ್ಕೊಂಡಂಗೇ ಲೆಕ್ಕ ಅಂದ್ರು. ಕಾರ್ಡ್ ತಗೊಂಡಿದ್ದು ಹೌದು, ಮಷಿನ್ ತಗೊಂಡಿದ್ದು ಹೌದು, ಮೊತ್ತ ಮಾತ್ರ ಒಪ್ಪಲ್ಲ, 92 ಸಾವಿರ ಹೆಂಗೆ 2,37,000 ಆಯ್ತು ತಿಂಗಳ್ವಾರು ತೋರಿಸ್ಲಿ ಅಂತ ಬರೆದೆ. ನಾಲ್ಕೇ ಪುಟ.

ವಾಯಿದೆ ದಿನ ಹನ್ನೊಂದೂವರೆಗೆ ಕೇಸ್ ಕೂಗಿದ್ರು. ಕಾಲು ನಡುಗ್ತಿತ್ತು. ಜಡ್ಜ್ ಮೇಡಂ, ನಿಮ್ಮ ವಕೀಲರು? ಅಂದ್ರು, ನಾನೇ ಮೇಡಂ ಅಂದೆ, ಹಿಂದೆ ಯಾರೋ ನಕ್ರು. ಬೆಂಚ್ ಕ್ಲರ್ಕ್ ಪುಟ ತಿರುವಿ, ವೆರಿಫೈಯಿಂಗ್ ಅಫಿಡವಿಟ್ ಎಲ್ರೀ? ಅಂತ ಕೇಳಿದ್ರು. ಬರೆದಿದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ ಕೊಡೋ ಕಾಗದ ಅದು, ಇರ್ಲಿಲ್ಲ! ಇಡೀ ತಾಲೂಕಿಗೆ ಅಫಿಡವಿಟ್ ಹೊಡ್ಕೊಡೋ ನಾನು ನಂದೇ ಮರೆತಿದ್ದೆ. ಊಟದ ಹೊತ್ತಿಗೆ ಓಡೋಗಿ ಟೈಪ್ ಮಾಡಿ ನೋಟರಿ ಮಾಡಿಸ್ಕೊಂಡು ಬಂದು ಹಾಕ್ದೆ.

ತಿಂಗಳ್ವಾರು ಲೆಕ್ಕ ಬರೋಕೆ ಮೂರು ವಾಯಿದೆ ಹಿಡೀತು, ಅರ್ಧಕ್ಕರ್ಧ ಬಡ್ಡಿ ಮತ್ತೆ ಲೇಟ್ ಫೀಸೇ. ಸೆಪ್ಟೆಂಬರ್ ಲೋಕ ಅದಾಲತ್‌ನಲ್ಲಿ 1,20,000ಕ್ಕೆ ಮಾತಾಯ್ತು, ಆರು ಕಂತು. ಇನ್ನೂ ಎಳೆದಾಡಿದ್ರೆ ಹತ್ತು ಸಾವಿರ ಇಳೀತಿತ್ತೇನೋ, ಆದ್ರೆ ಅಲ್ಲಿ ಆದ ರಾಜಿ ಮೇಲೆ ಅಪೀಲಿಲ್ಲ, ನನಗೂ ಇನ್ನು ಸಾಕಾಗಿತ್ತು.

ರಾಜಿ ಪತ್ರಕ್ಕೆ ಮೂರು ಕಾಪಿ ಬೇಕಿತ್ತು. ಬ್ಯಾಂಕ್ ಕಡೆ ಜೂನಿಯರ್ ಲಾಯರ್ ನನ್ನ ಅಂಗಡೀಲೇ ಜೆರಾಕ್ಸ್ ಮಾಡಿಸಿ, ಅದೇ ಮಷಿನ್ನಲ್ಲಿ, ಹದಿನೆಂಟು ರೂಪಾಯಿ ಫೋನ್‌ಪೇ ಮಾಡಿ ಹೋದ.